ಫ್ರೆಂಡ್‌ಶಿಪ್ ಬ್ಯಾಂಡ್‌ನಲ್ಲಿ ಅಕ್ಷರ ಹಾಕುವಾಗ ಬಣ್ಣ ನೀಟಾಗಿ ಬದಲಾಗಬೇಕಾದರೆ ಏನು ಮಾಡಬೇಕು?

ಎರಡು ಬಣ್ಣದ ಬ್ಯಾಂಡ್‌ನಲ್ಲಿ ಹೆಸರು ಹಾಕಲು ಹೋದರೆ ಬಣ್ಣ ಬದಲಾಗುವ ಕಡೆ ಇನ್ನೊಂದು ಬಣ್ಣದ ಚುಕ್ಕೆ ಇಣುಕುತ್ತದೆ, ಅಕ್ಷರ ಸೊಟ್ಟಗಾಗುತ್ತದೆ ಅಂತ ಕೇಳಿದ್ದೀರಿ. ನನಗೂ ಮೊದಲ ನಾಲ್ಕೈದು ಬ್ಯಾಂಡ್ ಹೀಗೇ ಆಗಿತ್ತು.

ಒಂದು ಗಂಟಿನಲ್ಲಿ ಎರಡು ದಾರ ಇರುತ್ತವೆ, ಅಲ್ವಾ? ಒಂದು ಸುತ್ತುತ್ತದೆ, ಇನ್ನೊಂದು ಒಳಗೆ ಅಡಗುತ್ತದೆ. ನಮಗೆ ಕಾಣುವುದು ಸುತ್ತಿದ ದಾರದ ಬಣ್ಣ. ಹಾಗಾಗಿ ಬಣ್ಣ ಬದಲಿಸಲು ದಾರ ಕತ್ತರಿಸಬೇಕಿಲ್ಲ, ಹೊಸದು ಸೇರಿಸಬೇಕಿಲ್ಲ. ಇಬ್ಬರ ಕೆಲಸ ಅದಲು ಬದಲು ಮಾಡಿದರೆ ಸಾಕು.

ನೀಲಿ ನೆಲದ ಮೇಲೆ ಹಳದಿ ಅಕ್ಷರ ಅಂದುಕೊಳ್ಳಿ. ಕೆಳಗೆ ಇಳಿಬಿದ್ದ ದಾರಗಳೆಲ್ಲ ಹಳದಿ, ಅಡ್ಡ ಓಡುವುದು ಒಂದೇ ನೀಲಿ. ಎಡದಿಂದ ಬಲಕ್ಕೆ ಹೋಗುವಾಗ ನೆಲದ ಗಂಟಿಗೆ ಹಳದಿಯನ್ನು ನೆಟ್ಟಗೆ ಹಿಡಿದು, ನೀಲಿಯನ್ನು ಇಂಗ್ಲಿಷಿನ 4ರ ಆಕಾರದಲ್ಲಿ ಅದರ ಮೇಲೆ ಹಾಯಿಸಿ, ಹಿಂದಿನಿಂದ ತಂದು, 4ರ ಕಿಂಡಿಯೊಳಗಿಂದ ಮೇಲಕ್ಕೆ ಎಳೆಯಿರಿ. ಇದನ್ನು ಎರಡು ಸಲ ಮಾಡಬೇಕು. ಅಕ್ಷರದ ಮನೆ, ಅಂದರೆ ಹಳದಿ ಕಾಣಬೇಕಾದ ಗಂಟಿನ ಜಾಗ, ಬಂದಾಗ ನೀಲಿಯನ್ನು ಬಲಕ್ಕೆ ಎಳೆದು ಹಿಡಿಯಿರಿ. ಈಗ ಹಳದಿಯಿಂದ ಅದೇ 4 ಅನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಎರಡು ಸಲ ಸುತ್ತಿ. ಹಳದಿ ಎಡಕ್ಕೆ ಉಳಿಯುತ್ತದೆ, ನೀಲಿ ತನ್ನ ದಾರಿಯಲ್ಲಿ ಮುಂದೆ ಹೋಗುತ್ತದೆ. ಮುಂದಿನ ಸಾಲಿನಲ್ಲಿ ಬಲದಿಂದ ಎಡಕ್ಕೆ ಬರುವಾಗ ಎರಡೂ ಗಂಟಿನ 4 ಉಲ್ಟಾ.

ಚುಕ್ಕೆ ಇಣುಕುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಎರಡನೇ ಸುತ್ತು ಮರೆತರೆ ಗಂಟು ಬಿಚ್ಚಿಕೊಂಡು ಒಳಗಿನ ಬಣ್ಣ ಕಾಣುತ್ತದೆ. ಇನ್ನೊಂದು, ಅಡಗಬೇಕಾದ ದಾರವನ್ನು ಸಡಿಲ ಬಿಡುವುದು. ಅದು ಬಗ್ಗಿತು ಅಂದರೆ ಗಂಟಿನ ಪಕ್ಕದಿಂದ ಹೊರಗೆ ಬಂದೇ ಬರುತ್ತದೆ. ಕೆಲಸ ಅದಲು ಬದಲಾಗುವ ಆ ಒಂದು ಗಂಟಿನಲ್ಲಿ ಕೈ ಸಡಿಲವಾಗುವುದು ಸಹಜ. ಹಾಗಾಗಿ ಅಲ್ಲಿ ಮೊದಲ ಸುತ್ತು ಹಾಕಿ, ಹಿಡಿದ ದಾರವನ್ನು ಇನ್ನೊಮ್ಮೆ ಬಿಗಿ ಮಾಡಿ, ಆಮೇಲೆ ಎರಡನೇ ಸುತ್ತು ಹಾಕಿ. ನಾನು ಬ್ಯಾಂಡಿನ ತುದಿಯನ್ನು ಪರೀಕ್ಷೆ ಪ್ಯಾಡಿನ ಕ್ಲಿಪ್ಪಿಗೆ ಸಿಕ್ಕಿಸುತ್ತೇನೆ. ಎರಡೂ ಕೈ ಖಾಲಿ ಸಿಗುತ್ತವೆ, ಎಳೆತ ಒಂದೇ ಸಮ ಬರುತ್ತದೆ.

ಬಣ್ಣದ ಆಯ್ಕೆಯೂ ಮುಖ್ಯ. ಬಿಳಿ ನೆಲಕ್ಕೆ ಕಪ್ಪು ಅಕ್ಷರ ಬೇಕು ಅಂದರೆ ಒಳಗೆಲ್ಲ ಕಪ್ಪು ದಾರ, ಸ್ವಲ್ಪ ಸಡಿಲವಾದರೂ ಎದ್ದು ಕಾಣುತ್ತದೆ. ಕಲಿಯುವಾಗ ನೆಲ ಗಾಢ ಇರಲಿ, ಅಕ್ಷರ ತಿಳಿ ಇರಲಿ. ಅಡ್ಡ ಓಡುವ ದಾರ ಜಾಸ್ತಿ ಖರ್ಚಾಗುತ್ತದೆ. ಆಂಕರ್ ಕಸೂತಿ ದಾರದ 8 ಮೀಟರಿನ ಲಡಿಯನ್ನು ಪೂರ್ತಿ ಒಂದು ರಟ್ಟಿನ ತುಂಡಿಗೆ ಸುತ್ತಿಕೊಂಡು ಶುರು ಮಾಡುತ್ತೇನೆ. ಆರು ಎಳೆಯನ್ನೂ ಬಿಡಿಸದೆ ಹಾಗೇ ಬಳಸಿ.

ಕನ್ನಡ ಅಕ್ಷರ ಹಾಕುವವರಾದರೆ ಒಂದು ಮಾತು. ಇಂಗ್ಲಿಷ್ ದೊಡ್ಡಕ್ಷರ 7 ದಾರದಲ್ಲಿ ಕೂರುತ್ತದೆ. ನಮ್ಮದು ಗುಂಡಗೆ, ಮೇಲೆ ತಲೆಕಟ್ಟು ಬೇರೆ. ಮಗಳು ಗೆಳತಿಗೆ ಅಂತ 'ರ' ಕೇಳಿದಾಗ 7ರಲ್ಲಿ ಹಾಕಿದೆ, ಸೊನ್ನೆಯ ಹಾಗೆ ಕಂಡಿತು. 11 ದಾರ ತೆಗೆದುಕೊಂಡು, ಗಣಿತದ ಚೌಕದ ಪುಸ್ತಕದಲ್ಲಿ ಮೊದಲು ಮನೆ ತುಂಬಿಸಿ ನೋಡಿ ಹಾಕಿದಾಗ ತಲೆಕಟ್ಟು ಬೇರೆಯಾಗಿ, ಹೊಟ್ಟೆ ದುಂಡಗೆ ಬಂತು. ಆ ಮಗುವಿಗೆ ಎಷ್ಟು ಖುಷಿಯಾಯಿತು ಅಂತೀರಿ!

ಮೂರನೇ ಬಣ್ಣ ಬೇಕಾದರೆ ಅದರ ತುದಿ ಹಿಂದೆ 5 ಸೆಂಟಿಮೀಟರ್ ಬಿಟ್ಟು, ಹಳದಿ ದಾರದ ಜೊತೆ ಸೇರಿಸಿ ಹಿಡಿದು ಅದರ ಮೇಲೆ ಒಂದೆರಡು ನೀಲಿ ಗಂಟು ಹಾಕಿ, ಆಮೇಲೆ ಬಳಸಿ. ಜಾಸ್ತಿ ದೂರ ಹೀಗೆ ಒಯ್ಯಬೇಡಿ, ಗಂಟು ದಪ್ಪವಾಗಿ ಸಾಲು ಉಬ್ಬುತ್ತದೆ. ಉಳಿದ ತುದಿಗಳನ್ನು ಕೊನೆಯಲ್ಲಿ ಸೂಜಿಯಿಂದ ಹಿಂಬದಿಯ ನಾಲ್ಕೈದು ಗಂಟಿನೊಳಗೆ ಹಾಯಿಸಿ ಕತ್ತರಿಸಿ.