ಮೇಲಿಟ್ಟ ಪಂಪು ಮೂವತ್ತು ಅಡಿ ಆಚೆಯ ನೀರನ್ನು ಯಾಕೆ ಎಳೆಯುವುದಿಲ್ಲ? ಇದನ್ನು ಮೊದಲು ಕಂಡುಕೊಂಡವರು ಯಾರು?

ದೊಡ್ಡ ಎಚ್‌ಪಿ ಮೋಟಾರು ಹಾಕಿದರೆ ದಂಡೆಯ ಮೇಲಿನ ಪಂಪು ಇನ್ನೂ ಆಳದಿಂದ ನೀರೆತ್ತುತ್ತದೆಯೇ ಎಂದೂ ಕೇಳಿದ್ದೀರಿ. ಇಲ್ಲ, ಎಷ್ಟು ದೊಡ್ಡದು ಹಾಕಿದರೂ ಇಲ್ಲ. ಯಾಕೆಂದರೆ ಪಂಪು ನೀರನ್ನು ಎಳೆಯುವುದೇ ಇಲ್ಲ. ಪೈಪಿನೊಳಗಿನ ಗಾಳಿಯನ್ನು ಹೊರಹಾಕುವುದಷ್ಟೇ ಅದರ ಕೆಲಸ. ಬಾವಿಯ ನೀರಿನ ಮೇಲೆ ಒತ್ತಿಕೊಂಡಿರುವ ಹೊರಗಿನ ಗಾಳಿ ನೀರನ್ನು ಪೈಪಿನೊಳಕ್ಕೆ ಏರಿಸುತ್ತದೆ. ಸಮುದ್ರಮಟ್ಟದಲ್ಲಿ ಆ ಒತ್ತಡ ಹೊರಬಲ್ಲದ್ದು ಸುಮಾರು 10.3 ಮೀಟರ್ ನೀರನ್ನು. ಘರ್ಷಣೆ, ಸಣ್ಣಪುಟ್ಟ ಸೋರಿಕೆ ಎಲ್ಲ ಕಳೆದರೆ ಏಳೆಂಟು ಮೀಟರ್ ಸಿಕ್ಕರೆ ಪುಣ್ಯ. ಬೋರ್‌ವೆಲ್‌ಗೆ ಸಬ್‌ಮರ್ಸಿಬಲ್ ಪಂಪನ್ನು ನೀರಿನೊಳಗೇ ಇಳಿಸಿ, ಕೆಳಗಿನಿಂದ ತಳ್ಳಿಸುವುದು ಇದಕ್ಕೇ.

ಇನ್ನು, ಕಂಡುಕೊಂಡವರು ಯಾರು ಎಂಬ ಪ್ರಶ್ನೆ. ನಾನು ಪಿಯುಸಿಗೆ ಭೌತಶಾಸ್ತ್ರ ಪಾಠ ಮಾಡುವವನು. ಪಠ್ಯದಲ್ಲಿ ಇಟಲಿಯ ವಿಜ್ಞಾನಿ ಟೊರಿಚೆಲ್ಲಿಯ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಿಬಿಡುತ್ತದೆ. ಆ ಹೆಸರಿನ ಹಿಂದುಮುಂದಿನ ಹದಿನೆಂಟು ವರ್ಷಗಳ ಕಥೆಯನ್ನು ಮಕ್ಕಳಿಗೆ ಹೇಳದೆ ಬಿಡಲು ನನಗೆ ಮನಸ್ಸು ಬರುವುದಿಲ್ಲ.

1630ರಲ್ಲಿ ಜಿನೋವಾದ ಬಾಲಿಯಾನಿ ಎಂಬಾತ ಗೆಲಿಲಿಯೊಗೆ ಕಾಗದ ಬರೆದ. ಸುಮಾರು 21 ಮೀಟರ್ ಎತ್ತರದ ಗುಡ್ಡ ದಾಟಿಸಿ ನೀರು ತರಲು ಸೈಫನ್ (ಏರಿ ಇಳಿಯುವ ಬಾಗಿದ ಕೊಳವೆ) ಹಾಕಿದರೆ ಅದು ಕೆಲಸ ಮಾಡುತ್ತಿಲ್ಲ, ಯಾಕೆ ಎಂದು. ಪ್ರಕೃತಿಗೆ ಬರಿದು ಜಾಗ ಆಗಿಬರುವುದಿಲ್ಲ, ಅದನ್ನು ತುಂಬಲೆಂದೇ ನೀರು ಏರುತ್ತದೆ ಎಂದು ಅರಿಸ್ಟಾಟಲನ ಕಾಲದಿಂದ ನಂಬಿದ್ದವರ ನಾಡು ಅದು. ಗೆಲಿಲಿಯೊ ಕೂಡ ಪೂರ್ತಿ ಅದರಿಂದ ಹೊರಬರಲಿಲ್ಲ: ತೀರಾ ಉದ್ದವಾದ ಹಗ್ಗ ತನ್ನ ಭಾರಕ್ಕೇ ತುಂಡಾಗುವ ಹಾಗೆ ನೀರಿನ ಕಂಬವೂ ಒಂದು ಎತ್ತರದಲ್ಲಿ ತುಂಡಾಗುತ್ತದೆ ಎಂದ. ಗಾಳಿಯ ಭಾರವೇ ಕಾರಣ ಇರಬಹುದೆಂದು ಬಾಲಿಯಾನಿ ತಿರುಗಿ ಬರೆದ. ಗೆಲಿಲಿಯೊ ಒಪ್ಪಲಿಲ್ಲ. ಗಾಳಿಗೆ ತೂಕವಿದೆ ಎಂದು ಸ್ವತಃ ತೂಗಿ ನೋಡಿದ್ದವನು ಅವನು! ಕೈಯಲ್ಲಿದ್ದ ಎರಡು ಸಂಗತಿಗಳು ಒಂದಕ್ಕೊಂದು ಸೇರಲಿಲ್ಲ. ರೋಮಿನಲ್ಲಿ ಗಾಸ್ಪಾರೊ ಬೆರ್ಟಿ ತನ್ನ ಮನೆಯ ಗೋಡೆಗೆ ಉದ್ದನೆಯ ಸೀಸದ ಕೊಳವೆ ನಿಲ್ಲಿಸಿ ನೀರಿನ ಕಂಬ ಒಂದು ಎತ್ತರಕ್ಕಿಂತ ಮೇಲೆ ನಿಲ್ಲುವುದಿಲ್ಲ ಎಂದು ಮಾಡಿ ತೋರಿಸಿದ.

ಗೆಲಿಲಿಯೊನ ಕೊನೆಯ ತಿಂಗಳುಗಳಲ್ಲಿ ಅವನ ಜೊತೆಗಿದ್ದ ಟೊರಿಚೆಲ್ಲಿ ನೀರಿನ ಬದಲು ಪಾದರಸ ಹಿಡಿದ. ಅದು ನೀರಿಗಿಂತ 13.6 ಪಟ್ಟು ಭಾರ. ಹಾಗಾಗಿ ಹತ್ತು ಮೀಟರಿನ ಪ್ರಯೋಗ ಮೇಜಿನ ಮೇಲಕ್ಕೆ ಬಂತು: ಒಂದು ತುದಿ ಮುಚ್ಚಿದ ಕೊಳವೆಗೆ ಪಾದರಸ ತುಂಬಿ ಪಾದರಸದ ಬಟ್ಟಲಿನಲ್ಲಿ ಬೋರಲು ನಿಲ್ಲಿಸಿದರೆ, ಅದು ಸುಮಾರು 76 ಸೆಂ.ಮೀ.ಗೆ ನಿಂತಿತು, ಮೇಲೆ ಬರಿದು ಜಾಗ ಉಳಿಯಿತು. ಗೆಳೆಯ ವಿವಿಯಾನಿ ಕೊಳವೆಗಳನ್ನು ಹಿಡಿದು ಮಾಡಿದ ಪ್ರಯೋಗ ಇದು. ನನಗೆ ತುಂಬ ಇಷ್ಟವಾದದ್ದು ಇದರಲ್ಲಿನ ಒಂದು ಉಪಾಯ. ಅವರು ಎರಡು ಕೊಳವೆ ಬಳಸಿದರು. ಒಂದರ ತುದಿಯಲ್ಲಿ ದೊಡ್ಡ ಗಾಜಿನ ಬುರುಡೆ. ಮೇಲಿನ ಬರಿದು ಜಾಗವೇ ಪಾದರಸವನ್ನು ಎಳೆಯುವುದಾದರೆ, ಹೆಚ್ಚು ಬರಿದು ಇರುವ ಕಡೆ ಹೆಚ್ಚು ಏರಬೇಕಿತ್ತು. ಎರಡರಲ್ಲೂ ಒಂದೇ ಮಟ್ಟ. ಅಂದಮೇಲೆ ಕಾರಣ ಕೊಳವೆಯ ಹೊರಗಿದೆ. 1644ರ ಜೂನ್ 11ರಂದು ಟೊರಿಚೆಲ್ಲಿ ತನ್ನ ಗೆಳೆಯ ರಿಚ್ಚಿಗೆ ಬರೆದ ಪತ್ರದಲ್ಲಿ, ನಾವು ಗಾಳಿಯ ಕಡಲಿನ ತಳದಲ್ಲಿ ಮುಳುಗಿ ಬದುಕುತ್ತಿದ್ದೇವೆ ಎಂದ.

ಕಡಲಾದರೆ ಮೇಲಕ್ಕೆ ಹೋದಂತೆ ಒತ್ತಡ ಇಳಿಯಬೇಕಲ್ಲ? ಅದನ್ನು ಪರೀಕ್ಷೆಗೆ ಒಡ್ಡಿದವನು ಫ್ರಾನ್ಸಿನ ಪಾಸ್ಕಲ್. ಅವನು ಪ್ಯಾರಿಸ್ಸಿನಲ್ಲಿದ್ದ, ಆರೋಗ್ಯವೂ ನೆಟ್ಟಗಿರಲಿಲ್ಲ. ಕ್ಲೆರ್ಮಾನಿನಲ್ಲಿದ್ದ ಅಕ್ಕನ ಗಂಡ ಪೆರಿಯೇಗೆ ಬರೆದು ಕೇಳಿಕೊಂಡ. 1648ರ ಸೆಪ್ಟೆಂಬರ್ 19ರಂದು ಭಾವ ಒಂದಿಷ್ಟು ಪಾದ್ರಿಗಳನ್ನೂ ಒಬ್ಬ ವೈದ್ಯನನ್ನೂ ಸೇರಿಸಿಕೊಂಡು ಪ್ಯೂಯಿ ದ ದೋಮ್ ಬೆಟ್ಟ ಹತ್ತಿದ. ಹೊರಡುವ ಮೊದಲು ಕೆಳಗೆ ಮಠದ ತೋಟದಲ್ಲಿ ಎರಡು ಕೊಳವೆ ತುಂಬಿಸಿ ನೋಡಿದರು, ಎರಡರಲ್ಲೂ ಸುಮಾರು 71 ಸೆಂ.ಮೀ. ಒಂದನ್ನು ಅಲ್ಲೇ ಬಿಟ್ಟು, ಸಂಜೆಯ ತನಕ ಕಣ್ಣಿಟ್ಟಿರಲು ಒಬ್ಬ ಪಾದ್ರಿಯನ್ನು ಕೂರಿಸಿದರು. ಒಂದು ಕಿಲೋಮೀಟರಿನಷ್ಟು ಮೇಲೆ, ತುದಿಯಲ್ಲಿ, ಪಾದರಸ 63 ಸೆಂ.ಮೀ.ಗೆ ಇಳಿದಿತ್ತು. ಪೆರಿಯೇ ಅಷ್ಟಕ್ಕೆ ಸಮಾಧಾನಪಡಲಿಲ್ಲ. ಅಲ್ಲಿನ ಗುಡಿಯೊಳಗೆ, ಬಯಲಿನಲ್ಲಿ, ಗಾಳಿಗೆ ಒಡ್ಡಿ, ಮಂಜಿನಲ್ಲಿ, ಒಟ್ಟು ಐದು ಸಲ ಅಳೆದ. ಇಳಿಯುವಾಗ ನಡುದಾರಿಯಲ್ಲಿ ನಿಂತು ಅಳೆದರೆ ನಡುವಿನ ಮಟ್ಟವೇ ಬಂತು. ಕೆಳಗಿನ ಕೊಳವೆ ದಿನವಿಡೀ ಕದಲಿರಲಿಲ್ಲ. ಹವೆ ಬದಲಾಗಿ ಹೀಗಾಯಿತು ಎಂದು ಯಾರೂ ತಕರಾರು ತೆಗೆಯದಂತೆ ಮಾಡಿದ್ದು ಆ ಕದಲದ ಕೊಳವೆ. ಬೆಟ್ಟ ಹತ್ತಿದವರಷ್ಟೇ ಗೌರವ ಅದನ್ನು ಕಾದು ಕೂತವನಿಗೂ ಸಲ್ಲಬೇಕು ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ.

ಈ ಬೆಟ್ಟದ ಲೆಕ್ಕ ನಮಗೂ ಅನ್ವಯಿಸುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಹೊರುವುದು ಹೆಚ್ಚುಕಡಿಮೆ 9.3 ಮೀಟರ್ ನೀರನ್ನು ಮಾತ್ರ. ಮಂಗಳೂರಿನಲ್ಲಿ ನಡೆದ ಪಂಪು ಅದೇ ಆಳಕ್ಕೆ ಇಲ್ಲಿ ತಕರಾರು ಮಾಡಬಹುದು.

ಆಮೇಲಿನದು ವೇಗವಾಗಿ ಸಾಗಿತು. ಮಾಗ್ಡೆಬರ್ಗ್ ಪಟ್ಟಣದ ಗ್ವೇರಿಕೆ ಎರಡು ತಾಮ್ರದ ಅರೆಗೋಲಗಳನ್ನು ಜೋಡಿಸಿ ಒಳಗಿನ ಗಾಳಿ ತೆಗೆದ. ಎರಡೂ ಕಡೆ ಕುದುರೆಗಳನ್ನು ಕಟ್ಟಿ ಎಳೆಸಿದರೂ ಬಿಡಿಸುವುದು ಕಷ್ಟವಾಯಿತು. 1712ರಲ್ಲಿ ಇಂಗ್ಲೆಂಡಿನ ನ್ಯೂಕಮನ್ ಇದೇ ಒತ್ತಡವನ್ನು ದುಡಿಮೆಗೆ ಹಚ್ಚಿದ. ಸಿಲಿಂಡರಿನಲ್ಲಿ ಹಬೆ ತುಂಬಿ, ತಣ್ಣೀರು ಚಿಮ್ಮಿಸಿ ಅದನ್ನು ನೀರಾಗಿಸಿದರೆ ಒಳಗೆ ಬರಿದಾಗುತ್ತದೆ, ಹೊರಗಿನ ಗಾಳಿ ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತದೆ, ತೊಲೆಯ ಇನ್ನೊಂದು ತುದಿಗೆ ಕಟ್ಟಿ ಗಣಿಯೊಳಕ್ಕೆ ಇಳಿಬಿಟ್ಟ ಪಂಪಿನ ಸರಳು ಮೇಲೇರುತ್ತದೆ. ಡಡ್ಲಿ ಹತ್ತಿರದ ಕಲ್ಲಿದ್ದಲ ಗಣಿಯಿಂದ ಆ ಯಂತ್ರ ಸುಮಾರು 150 ಅಡಿ ಆಳದ ನೀರನ್ನು ಮೇಲೆತ್ತಿತು, ನಿಮಿಷಕ್ಕೆ ಹನ್ನೆರಡು ಸಲ, ಪ್ರತಿ ಸಲ ಸುಮಾರು 45 ಲೀಟರ್.