ತಟ್ಟೆಯಲ್ಲಿ ಒಂದು ಕಾಲೊನಿಯೂ ಬೆಳೆಯಲಿಲ್ಲವೇಕೆ?

ಪ್ರಶ್ನೆ: ನಾನು ಪುಣೆಯಲ್ಲಿ ಎಂ.ಎಸ್ಸಿ. ಬಯೋಟೆಕ್ನಾಲಜಿ ಓದುತ್ತಿದ್ದೇನೆ. ಲ್ಯಾಕ್‌ಝಡ್ ಜೀನಿಗೆ ಗುರಿಯಿಟ್ಟ ಗೈಡ್ ಆರ್‌ಎನ್‌ಎ (ಗುರಿ ತೋರಿಸುವ ತುಣುಕು) ಮತ್ತು ಡಿಎನ್‌ಎ ಕತ್ತರಿಸುವ ಕ್ಯಾಸ್9 ಪ್ರೋಟೀನ್ ಎರಡನ್ನೂ ತಯಾರಿಸುವ ಪ್ಲಾಸ್ಮಿಡ್ಡನ್ನು (ಉಂಗುರದಂಥ ಚಿಕ್ಕ ಡಿಎನ್‌ಎಯನ್ನು) ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿದೆವು. ಲ್ಯಾಕ್‌ಝಡ್ ಕೆಲಸ ಮಾಡಿದರೆ ಕಾಲೊನಿಗಳು ನೀಲಿಯಾಗುವ ಎಕ್ಸ್-ಗಾಲ್ ತಟ್ಟೆಯಲ್ಲಿ ಬಿಳಿ ಕಾಲೊನಿಗಳನ್ನು ನಿರೀಕ್ಷಿಸಿದ್ದೆವು, ಒಂದೂ ಬೆಳೆಯಲಿಲ್ಲ. ಲ್ಯಾಕ್‌ಝಡ್ ಇಲ್ಲದೆಯೂ ಇ. ಕೋಲಿ ಬದುಕುತ್ತದಲ್ಲವೇ? ಕತ್ತರಿಸದೆಯೇ ಜೀನನ್ನು ನಿಲ್ಲಿಸಬಹುದೇ?
— ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಖಂಡಿತ ಬದುಕುತ್ತದೆ. ನಿಮ್ಮ ಬ್ಯಾಕ್ಟೀರಿಯಾವನ್ನು ಕೊಂದಿರುವುದು ಬಹುಶಃ ಆ ಜೀನಿನ ಕೊರತೆಯಲ್ಲ, ಡಿಎನ್‌ಎಗೆ ಬಿದ್ದ ಕತ್ತರಿ. ಮನುಷ್ಯರ ಜೀವಕೋಶಗಳು ತುಂಡಾದ ಡಿಎನ್‌ಎಯ ತುದಿಗಳನ್ನು ನೇರವಾಗಿ ಬೆಸೆಯಬಲ್ಲವು, ಹಾಗೆ ಬೆಸೆಯುವಾಗ ಉಳಿಯುವ ದೋಷದಿಂದಲೇ ಜೀನ್ ಕೆಡುತ್ತದೆ. ಇ. ಕೋಲಿಗೆ ಆ ವ್ಯವಸ್ಥೆಯಿಲ್ಲ. ಸುಮಾರು 46 ಲಕ್ಷ ಜೋಡಿ ಅಕ್ಷರಗಳ ಅದರ ಕ್ರೋಮೊಸೋಮಿನಲ್ಲಿ ಬಿರುಕು ಬಿದ್ದರೆ ಇನ್ನೊಂದು ಪ್ರತಿಯನ್ನು ನೋಡಿ ರಿಪೇರಿ ಮಾಡಿಕೊಳ್ಳಬೇಕು. ಆದರೆ ಗೈಡ್ ಗುರುತಿಸುವ ಅದೇ 20 ಅಕ್ಷರಗಳು ಆ ಪ್ರತಿಯಲ್ಲೂ ಇರುವುದರಿಂದ ಕ್ಯಾಸ್9 ಅದನ್ನೂ ಕತ್ತರಿಸುತ್ತದೆ.

ಆದರೂ ಇದನ್ನು ಖಚಿತಪಡಿಸಿಕೊಳ್ಳದೆ ಮುಂದೆ ಹೋಗಬೇಡಿ. ಯಾವ ಜೀನಿಗೂ ಹೊಂದದ ಗೈಡ್ ಇರುವ ಪ್ಲಾಸ್ಮಿಡ್ಡನ್ನು ಅದೇ ದಿನ, ಅದೇ ಜೀವಕೋಶಗಳಿಗೆ ಸೇರಿಸಿ ನೋಡಿ. ಅಲ್ಲಿ ಕಾಲೊನಿಗಳು ತುಂಬಿ ಬಂದರೆ ನಿಮ್ಮ ಗೈಡ್ ಕೆಲಸ ಮಾಡಿದೆ ಎಂದರ್ಥ; ಅಲ್ಲೂ ಬರದಿದ್ದರೆ ಬಹುಶಃ ಪ್ಲಾಸ್ಮಿಡ್ ಒಳಗೆ ಹೋಗಿಯೇ ಇಲ್ಲ. ಬಳಸಿದ ತಳಿಯನ್ನೂ ಪರಿಶೀಲಿಸಿ. ಎಲ್ಲ ಲ್ಯಾಬುಗಳಲ್ಲೂ ಸಿಗುವ ಡಿಎಚ್5 ಆಲ್ಫಾದಲ್ಲಿ ಲ್ಯಾಕ್‌ಝಡ್ ಮೊದಲೇ ಅರೆಬರೆಯಾಗಿದೆ, ಡಿಎನ್‌ಎ ರಿಪೇರಿಗೆ ಬೇಕಾದ ರೆಕ್‌ಎ ಕೂಡ ಕೆಟ್ಟಿದೆ. ಈ ಪ್ರಯೋಗಕ್ಕೆ ಇವೆರಡೂ ಸರಿಯಿರುವ ಎಂಜಿ1655 ತಳಿಯೇ ಸೂಕ್ತ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ವಿಜ್ಞಾನಿಗಳಾದ ಜೆನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪೆಂಟಿಯೆ ಅವರ ತಂಡಗಳು 2012ರಲ್ಲಿ ಕ್ಯಾಸ್9 ಹೇಗೆ ಕತ್ತರಿಸುತ್ತದೆಂದು ವಿವರಿಸಿದವು. ಅದರ 10 ಮತ್ತು 840ನೆಯ ಸ್ಥಾನಗಳ ಅಮೈನೋ ಆಮ್ಲಗಳನ್ನು ಬದಲಿಸಿದರೆ ಕತ್ತರಿಸುವ ಶಕ್ತಿ ಹೋಗುತ್ತದೆ, ಗುರಿಯನ್ನು ಹುಡುಕಿ ಹಿಡಿಯುವ ಶಕ್ತಿ ಉಳಿಯುತ್ತದೆ. ಇದೇ ಡಿಕ್ಯಾಸ್9, 2013ರಲ್ಲಿ ಇದನ್ನು ಇ. ಕೋಲಿಯಲ್ಲಿ ಜೀನ್ ತಡೆಯಲು ಬಳಸಲಾಯಿತು. ಖಂಡಾಲಾ ಘಾಟಿನ ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯ ಹಾಗೆ ಅದು ಡಿಎನ್‌ಎಯ ಮೇಲೆ ಕುಳಿತುಬಿಡುತ್ತದೆ, ಜೀನನ್ನು ಓದಿ ಆರ್‌ಎನ್‌ಎ ತಯಾರಿಸುವ ಆರ್‌ಎನ್‌ಎ ಪಾಲಿಮರೇಸ್ ಮುಂದೆ ಸಾಗಲಾರದು. ಗೈಡನ್ನು ಜೀನಿನ ಆರಂಭದ ಭಾಗಕ್ಕೆ, ಟೆಂಪ್ಲೇಟ್ ಅಲ್ಲದ (ಪಾಲಿಮರೇಸ್ ಓದದ) ಎಳೆಗೆ ಹೊಂದುವಂತೆ ರೂಪಿಸಿ; ಗುರಿಯ ಪಕ್ಕದಲ್ಲೇ, ಯಾವುದಾದರೊಂದು ಅಕ್ಷರದ ನಂತರ, ಎರಡು ಜಿ ಇರಲೇಬೇಕು. ಡಿಕ್ಯಾಸ್9 ಅನ್ನು ಟೆಟ್ ಪ್ರಮೋಟರ್ ಎಂಬ ಸ್ವಿಚ್ಚಿನಡಿ ಇಟ್ಟರೆ ಬೇಕಾದಾಗ ಮಾತ್ರ ಅದನ್ನು ಚಾಲನೆಗೊಳಿಸಬಹುದು. ಒಂದು ಎಚ್ಚರಿಕೆ: ಲ್ಯಾಕ್‌ಝಡ್, ಲ್ಯಾಕ್‌ವೈ, ಲ್ಯಾಕ್‌ಎ ಒಂದೇ ಆಪೆರಾನಿನಲ್ಲಿವೆ (ಒಟ್ಟಿಗೇ ಓದಲಾಗುವ ಜೀನುಗಳ ಸಾಲಿನಲ್ಲಿವೆ), ಮೊದಲನೆಯದನ್ನು ತಡೆದರೆ ಅದರ ನಂತರದ ಎರಡೂ ನಿಲ್ಲುತ್ತವೆ. ಆದ್ದರಿಂದ ಫಲಿತಾಂಶವನ್ನು ಲ್ಯಾಕ್‌ಝಡ್ ಒಂದರದ್ದೇ ಎಂದು ವರದಿಯಲ್ಲಿ ಬರೆಯಬೇಡಿ.

ಜೀನನ್ನು ಶಾಶ್ವತವಾಗಿ ತೆಗೆಯಲೇಬೇಕಿದ್ದರೆ ಹೊಸ ಡಿಎನ್‌ಎಯನ್ನು ಕ್ರೋಮೊಸೋಮಿಗೆ ಜೋಡಿಸಲು ನೆರವಾಗುವ ಲ್ಯಾಂಬ್ಡಾ ರೆಡ್ ಪ್ರೋಟೀನುಗಳ ಜೊತೆಗೆ, ಗುರಿಯ ಅಕ್ಷರಗಳಿಲ್ಲದ ರಿಪೇರಿ ಡಿಎನ್‌ಎಯನ್ನೂ ಕೊಡಬೇಕು. ಆಗ ಬದಲಾದ ಜೀವಕೋಶಗಳು ಕತ್ತರಿಯಿಂದ ಪಾರಾಗುತ್ತವೆ. ಯಾವ ದಾರಿ ಹಿಡಿದರೂ, ಜೀನ್ ಬದಲಿಸಿದ ಜೀವಿಗಳ ಕುರಿತ 1989ರ ನಿಯಮಗಳ ಪ್ರಕಾರ ಕಾಲೇಜಿನ ಜೈವಿಕ ಸುರಕ್ಷತಾ ಸಮಿತಿಗೆ ಮೊದಲೇ ತಿಳಿಸಿ, ತಟ್ಟೆಗಳನ್ನು ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಕಾಯಿಸಿದ) ಮೇಲಷ್ಟೇ ಎಸೆಯಿರಿ.