ಮಕ್ಕಳ ಸಿರಪ್ ಫ್ರಿಜ್ ಬಾಗಿಲಿನಲ್ಲಿ ಬೇಡ
ಅಕ್ಕಾ, ರಾಯಚೂರಿನ ನಿಮ್ಮ ಮನೆಯಲ್ಲಿ ಐದು ಮಕ್ಕಳನ್ನು ನೋಡಿಕೊಳ್ಳುತ್ತೀರಿ, ತಾಯಂದಿರು ಕೊಟ್ಟು ಹೋಗುವ ಸಿರಪ್‌ಗಳನ್ನು ಫ್ರಿಜ್ ಬಾಗಿಲಿನಲ್ಲಿ ಇಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅದು ಮಕ್ಕಳ ಕೈಗೆ ಎಟಕುತ್ತದೆ. ಫ್ರಿಜ್‌ನಲ್ಲೇ ಇಡಬೇಕೆಂದು ಲೇಬಲ್ ಹೇಳುವ ಔಷಧವನ್ನು ಬೀಗವಿರುವ ಡಬ್ಬಿಯಲ್ಲಿ ಹಾಕಿ ಒಳಗಿಡಿ. ಉಳಿದವು ಎತ್ತರದ, ಬೀಗ ಹಾಕಿದ ಕಪಾಟಿಗೆ. ಆದರೆ ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹಲವು ಬಾಟಲಿಗಳ ಮೇಲೆ 30 ಡಿಗ್ರಿಗಿಂತ ಕೆಳಗೆ ಇಡಿ ಎಂದಿರುತ್ತದೆ. ಒಲೆಯ ಹತ್ತಿರದ ಗೂಡು, ತಗಡಿನ ಸೂರಿನ ಕೋಣೆ ಬೇಡವೇ ಬೇಡ.

ನನಗೆ ಹೆಚ್ಚು ಭಯ ಪ್ಯಾರಾಸಿಟಮಾಲ್‌ನದು. 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. ಅಡುಗೆ ಚಮಚದಲ್ಲಿ ಅಂದಾಜು ಮಾಡಬೇಡಿ. ಮಗುವಿನ ಹೆಸರು, ವೈದ್ಯರ ಚೀಟಿ, ತಾಯಿಯ ಸಹಿ ಇಲ್ಲದ ಬಾಟಲಿಯನ್ನು ಒಪ್ಪಿಕೊಳ್ಳಲೇಬೇಡಿ. ಕೊಟ್ಟ ಹೊತ್ತು, ಪ್ರಮಾಣ ಎರಡನ್ನೂ ಆಗಲೇ ಬರೆದಿಡಿ. ಮನೆಯ ಹಿರಿಯರ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೂ ಮರೆಯಬೇಡಿ. ಅವುಗಳಲ್ಲಿ ಕೆಲವು, ಒಂದೇ ಮಾತ್ರೆಯಾದರೂ ಪುಟ್ಟ ಮಗುವಿನ ಜೀವಕ್ಕೆ ಅಪಾಯ.

ಮನೆಯಲ್ಲಿ ಹೀಗೆ ಮಕ್ಕಳನ್ನು ನೋಡಿಕೊಳ್ಳಲು ಪರವಾನಗಿ ಬೇಕೇ ಎಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಮಗು ಔಷಧ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ.